ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಬೇಡಿ, ದಯವಿಟ್ಟು

ಮೈಸೂರಿನ ದೇವರಾಜ ಮಾರುಕಟ್ಟೆಯ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ: ಕೆಡವೋದಾ, ಉಳಿಸೋದಾ? 2016ರ ಆಗಸ್ಟ್‌ನಲ್ಲಿ ಉತ್ತರದ ಕಡೆಯ ಭಾಗ ಕುಸಿದ ಮೇಲಂತೂ ಬರೀ ಇದೇ ಚರ್ಚೆ. ಹಳೇ ಪೇಟೆಯ ಗೋಡೆಗಳು ದಿನದಿನ ಯಾಕೆ ಕೆಡುತ್ತವೆ ಅಂತ ಕೇಳೋರೇ ಇಲ್ಲ.

ಸುಣ್ಣದ ಗಾರೆ ಮಳೆಗೆ ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಗುಣವೇ ಅದು. ಉದುರಿದ ಜಾಗಕ್ಕೆ ಅವಸರದಲ್ಲಿ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ತೇಪೆಯ ಅಂಚಿನಲ್ಲಿ ಬೂಷ್ಟಿನ ಹಾಗೆ ಬಿಳಿ ಉಪ್ಪು ಕಾಣುತ್ತದಲ್ಲ, ಅದೇ ಮೊದಲ ಲಕ್ಷಣ. ಆಮೇಲೆ ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತದೆ, ಜೊತೆಗೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು. ನೋಡಿದರೆ ಹೊಟ್ಟೆ ಉರಿಯುತ್ತದೆ. ಮತ್ತೆ ಅದರ ಮೇಲೇ ಸಿಮೆಂಟು!

ಸರಿಯಾದ ಕೆಲಸ ಅಷ್ಟೇನೂ ಕಷ್ಟವಲ್ಲ. ಹಳೇ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಬಿಡಿಸಿ, ಸಂದುಗಳನ್ನು ಸುಮಾರು ಒಂದು ಇಂಚು ಕೆರೆದು, ನೀರು ಚಿಮುಕಿಸಬೇಕು. ವಾರಗಟ್ಟಲೆ ನೆನೆದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲು; ಕಲಸಲು ಅಳಲೆಕಾಯಿ, ಬೆಲ್ಲ ಕೊಳೆಸಿದ ನೀರು. ಒಂದು ಪದರ ಅರ್ಧ ಇಂಚು ದಾಟಬಾರದು. ಒದ್ದೆ ಗೋಣಿಚೀಲ ಹೊದಿಸಿ ವಾರವಾದರೂ ತೇವ ಕಾಯಬೇಕು, ಬೇಗ ಒಣಗಿದರೆ ಬಿರುಕು ಗ್ಯಾರಂಟಿ.

ಇನ್ನು ತಾರಸಿಯ ಅರಳಿ ಸಸಿ. ತುದಿ ಕತ್ತರಿಸಿ ಫೋಟೋ ತೆಗೆದರೆ ಏನೂ ಪ್ರಯೋಜನವಿಲ್ಲ, ಬೇರು ಗೋಡೆಯೊಳಗೇ ಇದೆ. ಮುಂಗಾರಿಗೆ ಮೊದಲೇ ಬೇರು ತೆಗೆದು ಆ ಬಿರುಕಿಗೆ ಗಾರೆ ತುಂಬಿ.