ಶೂ ಬಣ್ಣಕ್ಕೂ ಎಡ-ಬಲ ಮೆದುಳಿಗೂ ಸಂಬಂಧವಿಲ್ಲ

ವಾಟ್ಸಾಪ್‌ನಲ್ಲಿ ಒಂದು ಶೂ ಫೋಟೋ ಮತ್ತೆ ಓಡಾಡುತ್ತಿದೆ. ಗುಲಾಬಿ-ಬಿಳಿ ಕಂಡರೆ ನಿಮ್ಮ ಬಲ ಮೆದುಳು ಜೋರು, ಬೂದು-ಹಸಿರು ಕಂಡರೆ ಎಡ ಮೆದುಳು ಜೋರು ಅಂತ ಕೆಳಗೆ ಬರೆದಿದೆ. ಇದು ಸುಳ್ಳು.

ಫೋಟೋ 2017ರಿಂದಲೂ ಸುತ್ತುತ್ತಿದೆ. ಶೂ ಅಸಲಿಗೆ ಗುಲಾಬಿ-ಬಿಳಿ. ಫೋಟೋದಲ್ಲಿ ಹಸಿರು ಛಾಯೆ ಜಾಸ್ತಿಯಾಗಿದೆ, ಅಷ್ಟೇ. ಮೆದುಳು ಬಣ್ಣವನ್ನು ಸುಮ್ನೆ ಅಳೆಯುವುದಿಲ್ಲ. ಬಿದ್ದಿರುವ ಬೆಳಕು ಎಂಥದ್ದು ಅಂತ ಊಹಿಸಿ, ಅದನ್ನು ಕಳೆದು ಬಣ್ಣ ತೀರ್ಮಾನಿಸುತ್ತದೆ. ಹಳದಿ ಬಲ್ಬಿನ ಕೆಳಗೂ ಬಿಳಿ ಪಂಚೆ ಬಿಳಿಯಾಗೇ ಕಾಣುತ್ತದೆ ಅಲ್ವಾ, ಅದೂ ಇದೇ ಲೆಕ್ಕ. ಇಲ್ಲಿ ಹಸಿರು ಬೆಳಕನ್ನು ಕಳೆದವರಿಗೆ ಗುಲಾಬಿ, ಕಳೆಯದವರಿಗೆ ಬೂದು. 2015ರಲ್ಲಿ ಜಗತ್ತೇ ಜಗಳವಾಡಿದ ಆ ನೀಲಿ-ಕಪ್ಪು ಡ್ರೆಸ್ ಕೆಲವರಿಗೆ ಬಿಳಿ-ಚಿನ್ನದ ಬಣ್ಣದಲ್ಲಿ ಕಂಡಿದ್ದೂ ಹೀಗೇ.

ಭಾಷೆಯಂಥ ಕೆಲವು ಕೆಲಸ ಹೆಚ್ಚಾಗಿ ಮೆದುಳಿನ ಎಡಭಾಗದಲ್ಲಿ ನಡೆಯುವುದು ನಿಜ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ಪರಿಶೀಲಿಸಿದರು. ಕೆಲವರಿಗೆ ಇಡೀ ಎಡಭಾಗ, ಕೆಲವರಿಗೆ ಇಡೀ ಬಲಭಾಗ ಜೋರು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ.

ಫೋಟೋ ಮಜವಾಗಿದೆ, ಕಳಿಸಿ. ಕೆಳಗಿನ ಸಾಲನ್ನು ಮಾತ್ರ ಅಳಿಸಿಬಿಡಿ.