ರೇಡಿಯೇಟರ್ ಇಲ್ಲದ ಕಾರು ಸಂಪಾಜೆ ಘಾಟಿ ಹತ್ತಲಾರದೇ? ಒಂದು ಸ್ಪಷ್ಟನೆ

"ಎಂಜಿನ್‌ಗೆ ನೀರೇ ಇಲ್ಲದ ಹಳೆಯ ಪೋರ್ಷೆ, ಬೀಟಲ್ ಕಾರುಗಳು ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಕಾದು ಜಾಮ್ ಆಗುತ್ತವೆ, ನಡುವೆ ನಿಲ್ಲಿಸಿ ಎಂಜಿನ್ ಮೇಲೆ ನೀರು ಸುರಿಯಬೇಕು" ಎಂಬ ಸಂದೇಶವೊಂದು ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

1964ರಿಂದ 1998ರವರೆಗೆ ತಯಾರಾದ ಪೋರ್ಷೆ 911 ಕಾರುಗಳಲ್ಲಿ, ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್ ಸಿಲಿಂಡರುಗಳ ಲೋಹದ ರೆಕ್ಕೆಗಳ ಮೇಲೆ ಗಾಳಿ ಹಾಯಿಸುತ್ತದೆ. ಉಳಿದ ಶಾಖದ ಬಹುಪಾಲನ್ನು ಆಯಿಲ್ ಹೊತ್ತು ಕೂಲರಿಗೆ ಒಯ್ಯುತ್ತದೆ. ಫ್ಯಾನಿನ ವೇಗವು ಎಂಜಿನ್ ವೇಗವನ್ನು ಅನುಸರಿಸುವುದರಿಂದ, ಏರಿನಲ್ಲಿ ಮೇಲಿನ ಗೇರಿನಲ್ಲೇ ಎಂಜಿನ್ನನ್ನು ಏದುಸಿರು ಬಿಡಿಸುವ ಬದಲು ಒಂದು ಗೇರ್ ಇಳಿಸಿ ಓಡಿಸಿದರೆ ತಂಪು ಹೆಚ್ಚುತ್ತದೆ. ಬಿಸಿ ಲೋಹದ ಮೇಲೆ ತಣ್ಣೀರು ಸುರಿಯುವುದಂತೂ ಬಿರುಕಿಗೆ ಆಹ್ವಾನ. ದಯವಿಟ್ಟು ಯಾರೂ ಪ್ರಯತ್ನಿಸಬಾರದು.

ಸಂದೇಶದಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ಬೀಟಲ್‌ನಲ್ಲಿ ಡೈನಮೋ ಮತ್ತು ಫ್ಯಾನ್ ಒಂದೇ ಬೆಲ್ಟಿನಿಂದ ತಿರುಗುತ್ತವೆ. ಆ ಬೆಲ್ಟ್ ತುಂಡಾದರೆ ಚಾರ್ಜಿಂಗಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆಗ ಬ್ಯಾಟರಿ ತಾನೆ ಎಂದು ಮುಂದೆ ಸಾಗದೆ, ತಿರುವು ದಾಟಿ ಸುರಕ್ಷಿತ ಜಾಗದಲ್ಲಿ ತಕ್ಷಣ ಎಂಜಿನ್ ನಿಲ್ಲಿಸಬೇಕು. ಡಿಕ್ಕಿಯಲ್ಲಿ ನೀರಿನ ಕ್ಯಾನಿಗಿಂತ ಒಂದು ಹೆಚ್ಚುವರಿ ಬೆಲ್ಟ್ ಮತ್ತು ಸ್ಪ್ಯಾನರ್ ಇರುವುದು ಲೇಸು.

ಗ್ಯಾರೇಜುಗಳಲ್ಲೂ ಕಾಣುವ ಇನ್ನೊಂದು ತಪ್ಪೆಂದರೆ, 911ರ ಆಯಿಲನ್ನು ಎಂಜಿನ್ ತಣ್ಣಗಿರುವಾಗ ನೋಡಿ, ಕಡಿಮೆಯಾಗಿದೆಯೆಂದು ಅಳತೆ ಮೀರಿ ತುಂಬಿಸುವುದು. ಅದರ ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುವುದರಿಂದ, ಎಂಜಿನ್ ಚೆನ್ನಾಗಿ ಕಾದ ನಂತರ, ಸಮತಟ್ಟಾದ ನೆಲದಲ್ಲಿ, ಐಡ್ಲಿಂಗ್‌ನಲ್ಲಿ ಇರುವಾಗಲೇ ಮಟ್ಟವನ್ನು ನೋಡಬೇಕು. ಮಡಿಕೇರಿಯಲ್ಲಿ ಸಮತಟ್ಟಾದ ನೆಲ ಹುಡುಕುವುದೇ ಘಾಟಿ ಹತ್ತುವುದಕ್ಕಿಂತ ಕಷ್ಟ.