ಆನೆಗೊಂದಿಯ ‘500 ವರ್ಷದ ಲಂಗರು’: ಒಂದು ಸ್ಪಷ್ಟನೆ
ಗಂಗಾವತಿ, ಕೊಪ್ಪಳದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೋ ಓಡಾಡುತ್ತಿದೆ. ಆನೆಗೊಂದಿ ಹತ್ತಿರ ಹೊಳೆಯಲ್ಲಿ ಸಿಕ್ಕ 500 ವರ್ಷ ಹಳೆಯ ವಿಜಯನಗರದ ಲಂಗರು, ಮೇಲಿನ ಅಡ್ಡಸರಳು ಬರೀ ಅಲಂಕಾರಕ್ಕೆ ಅಂತ ಅದರಲ್ಲಿದೆ. ಎರಡೂ ತಪ್ಪು.

ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ಅಡ್ಡಸರಳು ಕಬ್ಬಿಣದ್ದು, ತುದಿಗಳಲ್ಲಿ ಗುಂಡು, ಒಂದು ತುದಿ ಬಾಗಿದೆ. ಬೆಣೆ ತೆಗೆದರೆ ಸರಳು ಜಾರಿ ದಂಡದ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಬಾಗು ಇರುವುದೇ ಅದಕ್ಕೆ. ಇದು 19ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ರೂಢಿಗೆ ಬಂದ ಅಡ್ಮಿರಾಲ್ಟಿ ಮಾದರಿ. ಹಳೆ ಶೈಲಿಯ ಹಾಯಿದೋಣಿ ಇಟ್ಟುಕೊಂಡವರು ಇವತ್ತಿಗೂ ಇದನ್ನು ಬಳಸುತ್ತಾರೆ. 500 ವರ್ಷದ ಹಿಂದೆ ಯುರೋಪಿನ ದೊಡ್ಡ ಹಡಗುಗಳ ಲಂಗರಿಗೂ ಅಡ್ಡಕ್ಕೆ ಮರದ ತೊಲೆಯೇ ಇರುತ್ತಿತ್ತು.

ಅಲಂಕಾರ ಅಂತೂ ಅಲ್ಲವೇ ಅಲ್ಲ. ಹಗ್ಗ ಎಳೆದಾಗ ಸರಳು ನೆಲಕ್ಕೆ ಮಲಗುತ್ತದೆ, ಆಗ ಒಂದು ಕೊಕ್ಕೆ ಕೆಳಮುಖವಾಗಿ ನೇಗಿಲಿನ ಹಾಗೆ ಮಣ್ಣಿಗೆ ಇಳಿಯುತ್ತದೆ. ಸರಳಿಲ್ಲದಿದ್ದರೆ ಈ ಲಂಗರು ಅಡ್ಡ ಬಿದ್ದು ಸುಮ್ನೆ ಜಾರುತ್ತದೆ.

ಇನ್ನು ಆನೆಗೊಂದಿಯಲ್ಲಿ ಹೊಳೆ ದಾಟುತ್ತಿದ್ದುದು ಹರಿಗೋಲಿನಲ್ಲಿ ಅಲ್ವಾ? 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ, ಬುಟ್ಟಿ ಥರದ, ಹೊರಗೆ ಚರ್ಮ ಹೊದಿಸಿದ ದುಂಡನೆ ದೋಣಿ ಎಂದೇ ಬರೆದಿದ್ದಾನೆ. ದಡಕ್ಕೆ ಎಳೆದು ಬೋರಲು ಹಾಕುವ ಹರಿಗೋಲಿಗೆ ಇಷ್ಟು ದೊಡ್ಡ ಲಂಗರು ಯಾಕೆ ಬೇಕು?

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೂ ಹೇಳಿ.